ಐದನೆಯ ಕಾರಣ

ಬಸ್ಸು ತಡವಾದರೆ ನಮ್ಮ ಡಿಪೋದ ಪ್ರಕಾರ ಅದಕ್ಕೆ ನಾಲ್ಕೇ ಕಾರಣ. ಟ್ರಾಫಿಕ್, ಗಾಡಿ ರಿಪೇರಿ, ಅಪಘಾತ, ಪ್ರಯಾಣಿಕರ ಗಲಾಟೆ. ಟ್ರಿಪ್ ಶೀಟಿನ ಕೆಳಗೆ ಈ ನಾಲ್ಕನ್ನೂ ಅಚ್ಚು ಹಾಕಿ ಪಕ್ಕದಲ್ಲಿ ಒಂದೊಂದು ಚೌಕ ಬಿಟ್ಟಿದ್ದಾರೆ. ಡ್ರೈವರು ಯಾವುದಾದರೂ ಒಂದಕ್ಕೆ ಗುರುತು ಹಾಕಿ ಸಹಿ ಮಾಡಬೇಕು, ಕಂಡಕ್ಟರು ಅದರ ಕೆಳಗೆ ಸಹಿ ಮಾಡಬೇಕು. ಇಪ್ಪತ್ತೆರಡು ವರ್ಷ ನಾನೂ ಹಾಗೇ ಮಾಡಿದೆ. ಟೀ ಕುಡಿಯಲು ನಿಂತರೂ ಟ್ರಾಫಿಕ್, ಕಾಲು ಜೋಮು ಹಿಡಿದು ಇಳಿದು ಒದರಿಕೊಂಡರೂ ಟ್ರಾಫಿಕ್. ಡ್ರೈವರಿಗೂ ಒಂದು ಮೈ ಇದೆ, ಅದರೊಳಗೆ ನೀರು ಹೋಗುತ್ತದೆ, ಹೋದ ನೀರು ಬರುತ್ತದೆ ಅನ್ನುವುದು ಆ ಹಾಳೆ ಅಚ್ಚು ಹಾಕಿಸಿದವನಿಗೆ ಹೊಳೆದಿರಲಿಲ್ಲ.

ಅವನನ್ನು ಬೈದು ಏನು ಬಂತು? ನನಗೂ ಹೊಳೆದಿರಲಿಲ್ಲ.

ನಮ್ಮದು ಹದಿನೇಳನೆಯ ನಂಬರಿನ ಬಸ್ಸು. ಡಿಪೋದಿಂದ ಊರಿನ ಇನ್ನೊಂದು ತುದಿಯ ಕಾರ್ಖಾನೆ ಗೇಟಿನವರೆಗೆ ಒಂದು ಗಂಟೆ ಐವತ್ತು ನಿಮಿಷ. ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ ಹಿರಿಯ ಡ್ರೈವರು ಮೊದಲ ದಿನವೇ ಹೇಳಿದ್ದ: "ಬೆಳಿಗ್ಗೆ ರೇಡಿಯೇಟರಿಗೆ ನೀರು ಹಾಕು. ನಿನ್ನ ನೀರು ಸಂಜೆ ಕುಡಿ." ಅದನ್ನೇ ನಾನು ನನ್ನ ಕೈಕೆಳಗೆ ಕಲಿತವರಿಗೆಲ್ಲ ಹೇಳಿದೆ. ಬಾಯಿ ಒಣಗಿದರೆ ಒಂದು ಲವಂಗ ದವಡೆಗೆ ಇಟ್ಟುಕೊ ಅಂದೆ. ಒಬ್ಬ ನೀರಿನ ಬಾಟಲಿ ತಂದಿದ್ದಕ್ಕೆ, "ಏನಯ್ಯಾ ಎಳೆಗೂಸು, ಬಾಟಲಿ ಹಾಲು ಬೇಕಾ?" ಅಂತ ಎಲ್ಲರೆದುರು ಆಡಿಕೊಂಡವನೂ ನಾನೇ. ಬೇಸಿಗೆಯಲ್ಲಿ ಎಂಜಿನ್ ಪಕ್ಕ ಎಂಟು ಗಂಟೆ ಬೆಂದು ಇಳಿದರೆ ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ಬರುತ್ತಿತ್ತು. ರೇಡಿಯೇಟರಿನಲ್ಲಿ ಆ ಬಣ್ಣದ ನೀರು ಕಂಡಿದ್ದರೆ ಗಾಡಿಯನ್ನು ಅವತ್ತೇ ಶೆಡ್ಡಿಗೆ ಹಾಕುತ್ತಿದ್ದೆ. ನನ್ನದನ್ನು ನೋಡಿ ಗಟ್ಟಿ ಮನುಷ್ಯ ಅಂದುಕೊಂಡೆ.

ಗಟ್ಟಿ ಮನುಷ್ಯ ಬಿದ್ದದ್ದು ಎರಡನೆಯ ಟ್ರಿಪ್ಪಿನಲ್ಲಿ, ಹಗಲು ಹನ್ನೊಂದೂವರೆಗೆ. ಗಾಡಿಯಲ್ಲಿ ಅರವತ್ತು ಜನ. ಬೆನ್ನಿನ ಎಡಗಡೆ, ಪಕ್ಕೆಲುಬಿನ ಕೆಳಗೆ, ಯಾರೋ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸಿದ ಹಾಗಾಯಿತು. ಸೀಟಿನ ಸ್ಪ್ರಿಂಗ್ ಕಿತ್ತು ಬಂದಿದೆ ಅಂತ ಕೈ ಹಾಕಿ ನೋಡಿದೆ. ಸ್ಪ್ರಿಂಗ್ ನೆಟ್ಟಗಿತ್ತು. ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ನೋವು ಪಕ್ಕೆಯಿಂದ ತೊಡೆಸಂದಿಗೆ ಇಳಿದು, ಕ್ಲಚ್ಚಿನ ಮೇಲಿದ್ದ ಕಾಲು ಎತ್ತಲು ಬರಲಿಲ್ಲ. ಹೇಗೋ ಗಾಡಿಯನ್ನು ಪಕ್ಕಕ್ಕೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಇಳಿದು, ಮುಂದಿನ ಚಕ್ರಕ್ಕೆ ಹಣೆ ಕೊಟ್ಟು ವಾಂತಿ ಮಾಡಿದೆ. ಆಮೇಲೆ ರಸ್ತೆಯ ಮೇಲೆಯೇ ಮಲಗಿದೆ. ಮಲಗಿದರೂ ನೋವು, ಎದ್ದರೂ ನೋವು, ಮುದುರಿಕೊಂಡರೂ ನೋವು.

ನನ್ನ ಕಂಡಕ್ಟರು ನಲವತ್ತರ ಹೆಂಗಸು. ಹನ್ನೊಂದು ವರ್ಷದಿಂದ ಇದೇ ಗಾಡಿಯಲ್ಲಿ ನನ್ನ ಜೊತೆ. "ಇಳೀರಿ ಎಲ್ಲ, ಹಿಂದಿನ ಗಾಡಿ ಹತ್ತಿ, ಅದೇ ಟಿಕೆಟ್ ನಡೆಯುತ್ತೆ!" ಅಂತ ಅವಳು ಕೂಗುತ್ತಿದ್ದದ್ದು ಕೇಳಿಸಿತು. ಎಲ್ಲರೂ ಇಳಿದರು, ಒಬ್ಬನ ಹೊರತು. ದಿನಾ ಆ ತುದಿಗೆ ಮನೆಪಾಠಕ್ಕೆ ಹೋಗಿಬರುವ ನಿವೃತ್ತ ಲೆಕ್ಕದ ಮೇಷ್ಟ್ರು. ಬಸ್ಸು ಎರಡು ನಿಮಿಷ ತಡವಾದರೆ ಡಿಪೋಗೆ ದೂರಿನ ಕಾರ್ಡು ಬರೆಯುವ ಆಸಾಮಿ. ನಾವು ಅವನಿಗೆ ಇಟ್ಟ ಹೆಸರು ಗಡಿಯಾರ. ಅವನು ಕಿಟಕಿಯಿಂದ ಬಗ್ಗಿ ಕೇಳಿದ:

"ಡ್ರೈವರೇ, ಇದು ಎಷ್ಟು ನಿಮಿಷ ಆಗಬಹುದು?"

"ನಾನು ಸಾಯೋಕೆ ಎಷ್ಟು ಬೇಕೋ ಅಷ್ಟು!" ಅಂದೆ, ಮಣ್ಣು ಕಚ್ಚಿಕೊಂಡೇ.

ಅವನು ವಾಚು ನೋಡಿ ಏನೋ ಗುರುತು ಮಾಡಿಕೊಂಡ.

ಅವತ್ತಿನ ಶೀಟಿನಲ್ಲಿ ಕಂಡಕ್ಟರು ಗುರುತು ಹಾಕಿದ್ದು 'ಗಾಡಿ ರಿಪೇರಿ'ಗೆ. ಗಾಡಿ ಕಲ್ಲುಗುಂಡಿನ ಹಾಗಿತ್ತು. ಕಲ್ಲು ಇದ್ದದ್ದು ನನ್ನೊಳಗೆ.

ಆಸ್ಪತ್ರೆಯಲ್ಲಿ ಸೂಜಿ ಹಾಕಿದ ಅರ್ಧ ಗಂಟೆಗೆ ಜೀವ ಬಂತು. ಸ್ಕ್ಯಾನಿಂಗ್ ಚಿತ್ರ ಹಿಡಿದುಕೊಂಡು ಡಾಕ್ಟರಮ್ಮ ಬಂದಳು. ನನ್ನ ಮಗಳ ವಯಸ್ಸಿನವಳು.

"ಐದು ಮಿಲಿಮೀಟರ್ ಕಲ್ಲು. ಕಿಡ್ನಿಯಿಂದ ಹೊರಟು ಮೂತ್ರ ಬರೋ ನಾಳದಲ್ಲಿ ಸಿಕ್ಕಿಕೊಂಡಿದೆ."

"ಐದು ಮಿಲಿಮೀಟರಾ? ಅಷ್ಟಕ್ಕೆ ಇಷ್ಟು ಕುಣಿಸ್ತಾ?"

"ಡೀಸೆಲ್ ಪೈಪಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡ್ರೆ ನಿಮ್ಮ ಬಸ್ಸು ಓಡುತ್ತಾ?"

ಅವಳು ಕುರ್ಚಿ ಎಳೆದು ಕೂತಳು. "ದಿನಕ್ಕೆ ಎಷ್ಟು ನೀರು ಕುಡೀತೀರಿ?"

"ರಾತ್ರಿ ಊಟಕ್ಕೆ ಎರಡು ಲೋಟ."

"ಸುಳ್ಳು," ಅಂದಳು ನನ್ನ ಹೆಂಡತಿ ಕಾಲ ದೆಸೆಯಿಂದ. "ಒಂದೂವರೆ. ಇನ್ನರ್ಧದಲ್ಲಿ ಕೈ ತೊಳೀತಾರೆ."

ಡಾಕ್ಟರಮ್ಮ ನಗಲಿಲ್ಲ. ಹೇಳುತ್ತಾ ಹೋದಳು. ದಿನಕ್ಕೆ ಮೂರು ಲೀಟರ್ ನೀರು, ಒಂದೇ ಸಲ ಅಲ್ಲ, ದಿನವಿಡೀ. ಉಪ್ಪು ಕಮ್ಮಿ. ನಾಳ ಸಡಿಲ ಮಾಡುವ ಮಾತ್ರೆ, ಮಲಗುವಾಗ ಒಂದು. ಉಚ್ಚೆ ಹೊಯ್ಯುವಾಗೆಲ್ಲ ಜಾಲರಿಯಲ್ಲಿ ಸೋಸಬೇಕು, ಕಲ್ಲು ಸಿಕ್ಕರೆ ತಂದು ಕೊಡಬೇಕು. ನಾಲ್ಕು ವಾರದಲ್ಲಿ ತಾನಾಗಿ ಇಳಿಯದಿದ್ದರೆ ಒಳಗೆ ನಳಿಗೆ ಬಿಟ್ಟು ಒಡೆದು ತೆಗೆಯುವುದು. ಜ್ವರ ಬಂದರೆ, ಉಚ್ಚೆ ಕಟ್ಟಿದರೆ, ಗಡಿಯಾರ ನೋಡದೆ ಓಡಿ ಬರಬೇಕು. ಹತ್ತು ದಿನ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಆಮೇಲೆಯೂ ತಲೆ ಸುತ್ತಿದರೆ, ನೋವು ಬಂದರೆ, ಗಾಡಿ ಹತ್ತುವ ಹಾಗಿಲ್ಲ.

"ಎಲ್ಲ ಸರಿ ಡಾಕ್ಟ್ರೇ. ಡ್ಯೂಟಿಲಿ ಮಾತ್ರ ನೀರು ಕುಡಿಯೋ ಹಾಗಿಲ್ಲ."

"ಹಾಗಂತ ಯಾರು ಹೇಳಿದ್ದು?"

ಹೇಳಿದವನು, ನನಗೆ ಸ್ಟೇರಿಂಗ್ ಕಲಿಸಿದ ಆ ಹಿರಿಯ ಡ್ರೈವರು, ಕಿಡ್ನಿ ಕೆಟ್ಟು ಕೊನೆಯ ಮೂರು ವರ್ಷ ವಾರಕ್ಕೆರಡು ಸಲ ಇದೇ ಆಸ್ಪತ್ರೆಯಲ್ಲಿ ರಕ್ತ ತೊಳೆಸಿಕೊಂಡು ಸತ್ತಿದ್ದ. ಅವನ ಮಾತಿಗೂ ಅವನ ಸಾವಿಗೂ ನಂಟು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಅದುವರೆಗೆ ಕೇಳಿಕೊಂಡಿರಲೂ ಇಲ್ಲ.

ಮನೆಗೆ ಬಂದಮೇಲೆ ಸಲಹೆಗಳ ಜಾತ್ರೆ. ಬಿಯರ್ ಕುಡಿದರೆ ಕಲ್ಲು ಜಾರುತ್ತದೆ ಅಂತ ಭಾವಮೈದುನ ಎರಡು ಬಾಟಲಿ ಹಿಡಿದುಕೊಂಡೇ ಬಂದ. ನನಗೆ ಆ ಮದ್ದು ಬಹಳ ಹಿಡಿಸಿತು. ಹೆಂಡತಿ ಫೋನು ಮಾಡಿ ಡಾಕ್ಟರಮ್ಮನನ್ನೇ ಕೇಳಿದಳು, ಕೇಳಿ ತಮ್ಮನ ಕಡೆ ತಿರುಗಿದಳು: "ಬೀಳೋದು ಕಲ್ಲಲ್ಲವಂತೆ ಕಣೋ, ಕುಡಿದೋರಂತೆ. ಎತ್ತಿಕೊಂಡು ಹೋಗು." ಮೇಲಿನ ಮನೆಯವನು ಒಂಟಿ ಕಾಲಲ್ಲಿ ಕುಪ್ಪಳಿಸಲು ಹೇಳಿದ. ಮೊದಲು ನೀನು ಕುಪ್ಪಳಿಸು, ಏನೇನು ಉದುರುತ್ತೆ ನೋಡೋಣ ಅಂದೆ.

ಹೆಂಡತಿ ಹೊಸ ಟೀ ಜಾಲರಿಯೊಂದನ್ನು ತಂದು ಹಿಡಿಗೆ ಕೆಂಪು ದಾರ ಸುತ್ತಿದಳು. "ಇದು ನಿಮ್ಮದು. ದಾರ ಇಲ್ಲದ್ದು ಟೀದು. ಅದಲುಬದಲಾದ್ರೆ ಈ ಮನೇಲಿ ಒಂದೋ ನಾನಿರ್ತೀನಿ, ಇಲ್ಲ ಕಲ್ಲಿರುತ್ತೆ."

ಎರಡು ಸಲ ನೋವು ಮರಳಿ ಬಂತು. ಬಚ್ಚಲ ಬಾಗಿಲಿಗೆ ತಲೆ ಒತ್ತಿಕೊಂಡು, ಬಿಸಿನೀರಿನ ಚೀಲ ಪಕ್ಕೆಗೆ ಹಿಡಿದು, ಆ ಕಲ್ಲಿಗೆ ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ. ಬೈದು ಮುಗಿಸಿ ಒಂದು ಲೋಟ ನೀರು ಕುಡಿದೆ. ಮೊಂಡುತನಕ್ಕೆ ಮೊಂಡುತನ.

ಹನ್ನೊಂದನೆಯ ದಿನ ನೋವಿರಲಿಲ್ಲ, ತಲೆ ನೆಟ್ಟಗಿತ್ತು. ಸ್ಟೇರಿಂಗ್ ಪಕ್ಕ ನೀರಿನ ಬಾಟಲಿ ಸಿಕ್ಕಿಸಿಕೊಂಡು ಗಾಡಿ ತೆಗೆದೆ. ಐವತ್ತು ನಿಮಿಷ ಓಡಿಸುವಷ್ಟರಲ್ಲಿ ಹೊಟ್ಟೆಯ ಕೆಳಗೆ ಬಿಗಿಯಿತು. ಮೊದಲಾಗಿದ್ದರೆ ಹಲ್ಲು ಕಚ್ಚುತ್ತಿದ್ದೆ. ಈಗ ಮುಚ್ಚಿದ ಗೋದಾಮೊಂದರ ಗೋಡೆಯ ಪಕ್ಕ ಗಾಡಿ ನಿಲ್ಲಿಸಿ, ಕೆಂಪು ದಾರದ ಜಾಲರಿಯನ್ನು ಜೇಬಿಗೆ ಹಾಕಿಕೊಂಡು ಇಳಿದೆ. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಗಡಿಯಾರ ವಾಚು ನೋಡಿದ.

ಕಾರ್ಖಾನೆ ಗೇಟಿನಲ್ಲಿ ಶೀಟು ಕೈಗೆ ಬಂತು. ನಾಲ್ಕು ನಿಮಿಷ ತಡ.

"ಟ್ರಾಫಿಕ್ ಅಂತ ಗೀಚಿ ಅಣ್ಣ," ಅಂದಳು ಕಂಡಕ್ಟರು.

ಪೆನ್ನು ಚೌಕದ ಮೇಲೆ ಹೋಗಿ ನಿಂತಿತು. ರಸ್ತೆ ಖಾಲಿ ಇತ್ತು. ಆ ರಸ್ತೆಗೆ ಸುಳ್ಳು ಹೊರಿಸಿ ಹೊರಿಸಿಯೇ ಇಪ್ಪತ್ತೆರಡು ವರ್ಷ ಕಳೆದು, ಒಳಗೊಂದು ಕಲ್ಲು ಸಾಕಿಕೊಂಡಿದ್ದೆ. ಸಿಟ್ಟು ನೆತ್ತಿಗೇರಿತು. ನಾಲ್ಕು ಚೌಕದ ಕೆಳಗೆ ಐದನೆಯದನ್ನು ನಾನೇ ಗೀಚಿದೆ. ಪಕ್ಕದಲ್ಲಿ ಬರೆದೆ: ಉಚ್ಚೆ. ನಾಲ್ಕು ನಿಮಿಷ. ಸಹಿ ಮಾಡಿದೆ.

ಅವಳು ಓದಿ ಶೀಟನ್ನು ನನ್ನ ಮಡಿಲಿಗೆ ಎಸೆದಳು. "ನಾನು ಇದಕ್ಕೆ ಸಹಿ ಹಾಕಲ್ಲ."

"ಯಾಕೆ, ನಾಚಿಕೆನಾ?"

"ನಾಚಿಕೆ ಅಲ್ಲ, ಹೊಟ್ಟೆ ಉರಿ! ನಿಮಗೆ ಎಲ್ಲಿ ಹೋದ್ರೂ ಗೋಡೆ ಸಿಗುತ್ತೆ. ಆ ತುದೀಲೂ ಗೋಡೆ, ಈ ತುದೀಲೂ ಗೋಡೆ, ಇವತ್ತು ಮಧ್ಯದಲ್ಲೂ ಗೋಡೆ. ನನಗೆ? ಹನ್ನೊಂದು ವರ್ಷದಿಂದ ನಾನು ಈ ಗಾಡೀಲಿ ಒಂದು ಗುಟುಕು ನೀರು ಕುಡಿದಿದ್ದು ನೋಡಿದ್ದೀರಾ? ಎಷ್ಟು ಸಲ ಉರಿಮೂತ್ರ ಆಗಿ ಜ್ವರ ಬಂದು ಮಲಗಿದೆ, ಗೊತ್ತಾ? ನೀವು ರಸ್ತೇಲಿ ಬಿದ್ರಿ, ಊರಿಗೆಲ್ಲ ಗೊತ್ತಾಯ್ತು. ನಾನು ರಜಾ ಚೀಟೀಲಿ 'ನೆಂಟರ ಮದುವೆ' ಅಂತ ಬರೆದೆ."

ನಾನು ಜೋರಿನವನು. ಡಿಪೋದಲ್ಲಿ ನನ್ನ ಅಡ್ಡಹೆಸರು ಸಿಡುಕಣ್ಣ. ಆದರೆ ಅವತ್ತು ಶೀಟನ್ನು ಮಡಿಲಿನಿಂದ ಎತ್ತಿಟ್ಟು ಗಾಡಿ ಸ್ಟಾರ್ಟ್ ಮಾಡಿದೆ. ಹನ್ನೊಂದು ವರ್ಷ ನನ್ನ ಬೆನ್ನ ಹಿಂದೆ ಎಂಟಡಿ ದೂರದಲ್ಲಿ ನಿಂತವಳು. ಅವಳಿಗೆ ಎಷ್ಟು ನೆಂಟರು ಅಂತ ಅಷ್ಟು ವರ್ಷವೂ ನಗಾಡಿದ್ದೆ.

ಮಾರನೆಯ ದಿನ ಗೋದಾಮು ದಾಟಿಸಿ, ಇನ್ನೆರಡು ಸ್ಟಾಪು ಮುಂದೆ, ಪೆಟ್ರೋಲ್ ಬಂಕಿನೆದುರು ನಿಲ್ಲಿಸಿದೆ. ಅಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಬಾಗಿಲಿತ್ತು. ಚಿಲಕವೂ ಇತ್ತು.

"ಇಳಿ ತಂಗಿ."

ಅವಳು ಟಿಕೆಟ್ ಚೀಲವನ್ನು ಸೀಟಿನ ಮೇಲೆ ಇಟ್ಟು ಇಳಿದಳು. ಇಬ್ಬರು ಮುದುಕಿಯರೂ ಒಬ್ಬ ಬಸುರಿಯೂ ಅವಳ ಹಿಂದೆಯೇ ಇಳಿದರು. ಸಂಜೆಯ ಶೀಟಿನಲ್ಲಿ ನಾನು ಬರೆದೆ: ಉಚ್ಚೆ. ಡ್ರೈವರ್, ಕಂಡಕ್ಟರ್, ಪ್ರಯಾಣಿಕರು ಮೂವರು. ಐದು ನಿಮಿಷ. ಅವಳು ಕೆಳಗೆ ಇಷ್ಟುದ್ದ ಸಹಿ ಎಳೆದಳು.

ನಾಲ್ಕೇ ದಿನ. ಐದನೆಯ ದಿನ ಮ್ಯಾನೇಜರು ಕರೆಸಿದರು. ಮೇಜಿನ ಮೇಲೆ ಒಂದು ಕಡೆ ನನ್ನ ಶೀಟುಗಳು, ಇನ್ನೊಂದು ಕಡೆ ಗಡಿಯಾರದ ಕಾರ್ಡು.

"ಏನ್ರೀ ಸಿಡುಕಣ್ಣ, ಇದೇನು ಶೀಟಾ, ಪಾಯಿಖಾನೆ ಗೋಡೇನಾ?"

"ನಡೆದದ್ದು ಬರೆದಿದ್ದೀನಿ ಸಾರ್."

"ಇಷ್ಟು ವರ್ಷ ಯಾರೂ ನಿಲ್ಲಿಸಿಲ್ಲವಾ? ಎಲ್ಲರೂ ನಿಲ್ಲಿಸ್ತಾರೆ, ಟ್ರಾಫಿಕ್ ಅಂತ ಬರೀತಾರೆ. ಟ್ರಾಫಿಕ್ಕಿಗೆ ಮೇಲಿನವರು ಕೇಳಲ್ಲ. ಇದನ್ನ ಕೇಳ್ತಾರೆ. ಈ ಶೀಟೆಲ್ಲ ತಿದ್ದಿ, ನಾಳೆಯಿಂದ ನೀವು ಬೇಕಾದ್ರೆ ಹತ್ತು ನಿಮಿಷ ನಿಲ್ಲಿಸಿ, ನಾನು ಕಣ್ಣು ಮುಚ್ಚಿಕೊಳ್ತೀನಿ."

ಕೆಟ್ಟ ಮನುಷ್ಯನಲ್ಲ. ಒಳ್ಳೆಯ ಮಾತೇ ಆಡಿದರು. ಆದರೆ ಅವರು ಕಣ್ಣು ಮುಚ್ಚಿದರೆ ನಿಲ್ಲುವುದು ನನ್ನೊಬ್ಬನ ಗಾಡಿ, ಅವರು ವರ್ಗವಾಗಿ ಹೋಗುವವರೆಗೆ. ಆಮೇಲೆ ಮತ್ತೆ ಲವಂಗ.

"ತಿದ್ದಲ್ಲ ಸಾರ್."

"ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಗಾದೆ ಕೇಳಿದ್ದೀರಲ್ಲ?"

"ಕೇಳಿದ್ದೀನಿ. ಒದೀರಿ."

ಒದ್ದರು. ಹದಿನೇಳನೆಯ ಗಾಡಿಯಿಂದ ಇಳಿಸಿ ಯಾರ್ಡಿಗೆ ಹಾಕಿದರು. ತೊಳೆಯುವ ಜಾಗದಿಂದ ಡೀಸೆಲ್ ಪಂಪಿಗೆ, ಅಲ್ಲಿಂದ ಸಾಲಿಗೆ ಖಾಲಿ ಬಸ್ಸು ಸರಿಸುವುದು, ರೇಡಿಯೇಟರಿಗೆ ನೀರು ಹಾಕುವುದು. ಕೈಯಲ್ಲಿ ಆಗದ ಮುದಿ ಡ್ರೈವರುಗಳಿಗೆ ಕೊಡುವ ಕೆಲಸ. "ನಿಮ್ಮ ಆರೋಗ್ಯಕ್ಕೇ ಒಳ್ಳೇದು," ಅಂದರು ಮ್ಯಾನೇಜರು. "ತಿದ್ದಿ ಸಹಿ ಮಾಡಿದ ದಿನ ನಿಮ್ಮ ಗಾಡಿ ನಿಮಗೆ."

ಆರೋಗ್ಯಕ್ಕೆ ಒಳ್ಳೆಯದೇ ಆಗಿತ್ತು, ಅದೇ ಸಂಕಟ. ಹತ್ತು ಹೆಜ್ಜೆಗೆ ಪಾಯಿಖಾನೆ, ತಿರುವಿದರೆ ನಲ್ಲಿ. ಮೂರರ ಜಾಗದಲ್ಲಿ ನಾಲ್ಕು ಲೀಟರ್ ಕುಡಿಯಬಹುದಿತ್ತು. ಆದರೆ ಬೆಳಿಗ್ಗೆ ನನ್ನ ಗಾಡಿ ಇನ್ನೊಬ್ಬನ ಕೈಯಲ್ಲಿ ಗೇಟು ದಾಟಿದರೆ ನನಗೆ ಕುಡಿದ ನೀರು ಇಳಿಯುತ್ತಿರಲಿಲ್ಲ. ಆ ಸೀಟು ಬಿಟ್ಟು ನನಗೆ ಬೇರೆ ಬದುಕು ಗೊತ್ತಿಲ್ಲ. ಅದೂ ಓಡಿಸುತ್ತಿದ್ದವನು ಯಾರು? ನಾನು ಎಳೆಗೂಸು ಅಂತ ಆಡಿಕೊಂಡಿದ್ದ ಆಸಾಮಿಯೇ. ದವಡೆಯಲ್ಲಿ ಲವಂಗ.

"ಒಂದು ಸಹಿ ತಾನೇ?" ಅಂದಳು ಹೆಂಡತಿ ಒಂದು ಸಂಜೆ, ನೀರಿನ ಬಾಟಲಿ ತುಂಬಿಸುತ್ತಾ. "ಮಾಡಿ ಬಿಸಾಕಿ. ಯಾರ ತಲೆ ಹೋಗುತ್ತೆ?"

"ಮಾಡಿದ್ರೆ ಮತ್ತೆ ನಮ್ಮ ಕಂಡಕ್ಟರಿಗೆ ನೆಂಟರ ಮದುವೆ ಶುರುವಾಗುತ್ತೆ."

ಏನು ಮದುವೆ ಅಂತ ಕೇಳಿದಳು. ಹೇಳಿದೆ. "ಹಾಗಾದ್ರೆ ಮಾಡಬೇಡಿ," ಅಂದು ಬಾಟಲಿಯ ಮುಚ್ಚಳ ಬಿಗಿದಳು.

ಯಾರ್ಡಿಗೆ ಬಂದ ಎಂಟನೆಯ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ, ಸ್ಕ್ರೂಡ್ರೈವರ್ ಮತ್ತೆ ತಿರುಗಿತು. ಈ ಸಲ ಕೆಳಗೆ, ಬಹಳ ಕೆಳಗೆ. ಗಾಡಿಯೊಂದನ್ನು ಅರ್ಧಕ್ಕೆ ಬಿಟ್ಟು ಪಾಯಿಖಾನೆಗೆ ಹೋಗಿ ಚಿಲಕ ಹಾಕಿಕೊಂಡೆ. ಗೋಡೆಗೆ ಎರಡು ಕೈ ಕೊಟ್ಟು ನಿಂತೆ. ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಉಚ್ಚೆ ಹನಿ ಹನಿಯಾಗಿ ಬಂದು ನಿಂತಿತು, ಬಂದು ನಿಂತಿತು. "ಬಾರೋ," ಅಂದೆ. "ನೀನಾ ನಾನಾ ನೋಡೇ ಬಿಡೋಣ." ಗಾಜಿನ ಚೂರು ಎಳೆದ ಹಾಗೆ ಒಂದು ಉರಿ ಉದ್ದಕ್ಕೂ ಹಾದುಹೋಯಿತು. ಆಮೇಲೆ ಅಣೆಕಟ್ಟು ಬಿಟ್ಟ ಹಾಗೆ ಧಾರೆ. ಜಾಲರಿಯಲ್ಲಿ ಟಿಣ್ ಅಂತ ಸದ್ದಾಯಿತು.

ತೊಳೆದು ಅಂಗೈ ಮೇಲೆ ಇಟ್ಟುಕೊಂಡೆ. ಕಾಳುಮೆಣಸಿನಷ್ಟು. ಕಂದು ಬಣ್ಣ, ಮೈಯೆಲ್ಲ ಮುಳ್ಳು. ನನ್ನ ಹಾಗೇ ಇತ್ತು.

ಡಾಕ್ಟರಮ್ಮನ ಬಳಿ ಹೋಗುವ ಮೊದಲು ಅದನ್ನು ಮಾತ್ರೆಯ ಡಬ್ಬಿಯಲ್ಲಿಟ್ಟುಕೊಂಡು ನೆಟ್ಟಗೆ ಮ್ಯಾನೇಜರ ಕೋಣೆಗೆ ನುಗ್ಗಿದೆ. ಮೇಜಿನ ಮೇಲೆ ಖಾಲಿ ಟ್ರಿಪ್ ಶೀಟು ಇತ್ತು. ಕಲ್ಲನ್ನು ಅದರ ಮೇಲೆ ಇಟ್ಟೆ.

"ಸಾರ್, ಇದು ಯಾವ ಚೌಕಕ್ಕೆ ಬರುತ್ತೆ? ಟ್ರಾಫಿಕ್ಕಾ, ಗಲಾಟೆನಾ?"

"ಏನ್ರೀ ಇದು?"

"ನನ್ನ ಎಡ ಕಿಡ್ನಿದು. ಈಗ ತಾನೇ ಬಂತು."

ಮ್ಯಾನೇಜರು ಕುರ್ಚಿ ಸಮೇತ ಗೋಡೆಗೆ ಸರಿದರು. "ಥೂ! ತೆಗೀರಿ ಮೊದಲು! ಊಟ ಮಾಡೋ ಮೇಜು ಅದು!"

ತೆಗೆಯಲಿಲ್ಲ. ಅವರೂ ಸ್ವಲ್ಪ ಹೊತ್ತಿನ ಮೇಲೆ ಕತ್ತು ಚಾಚಿ ನೋಡಿದರು. "ಇಷ್ಟೇನಾ?" ಅಂದರು. ಧ್ವನಿ ಇಳಿದಿತ್ತು. ಆಮೇಲೆ ಮೇಜಿನ ಖಾನೆ ಎಳೆದು ಒಂದು ಕಟ್ಟು ಶೀಟು ಹೊರಗೆ ಹಾಕಿದರು. "ನೀವೊಬ್ಬರೇ ಅಂದುಕೊಂಡ್ರಾ? ಕೋತಿ ತಾನು ಕೆಡೋದಲ್ಲದೆ ವನವನ್ನೆಲ್ಲ ಕೆಡಿಸ್ತಂತೆ."

ಹದಿನೇಳನೆಯ ಗಾಡಿಯ ಶೀಟುಗಳು, ನಾನು ಇಳಿದ ಮಾರನೆಯ ದಿನದಿಂದ. ಪ್ರತಿಯೊಂದರಲ್ಲೂ ಪೆನ್ನಿನಿಂದ ಗೀಚಿದ ಐದನೆಯ ಚೌಕ. ಅಕ್ಷರ ಕಂಡಕ್ಟರದ್ದು. ಆಮೇಲೆ ಕೇಳಿ ತಿಳಿದುಕೊಂಡೆ: ಬಂಕು ಹತ್ತಿರ ಬಂದ ಕೂಡಲೇ ಅವಳು ಒಂದು ಸಲ ಗಂಟೆ ಹೊಡೆಯುತ್ತಿದ್ದಳು. ಒಂದು ಸಲ ಹೊಡೆದರೆ ಡ್ರೈವರು ನಿಲ್ಲಿಸಲೇಬೇಕು, ಎರಡು ಸಲ ಹೊಡೆಯದೆ ಹೊರಡುವ ಹಾಗಿಲ್ಲ. ಅದು ನಮ್ಮ ಕೆಲಸದ ಮೊದಲ ಪಾಠ. ಎಳೆಗೂಸು ಮೊದಲೆರಡು ದಿನ ಅಳುಮುಖ ಮಾಡಿದನಂತೆ, ಮೂರನೆಯ ದಿನ ತಾನೂ ಇಳಿದನಂತೆ. ಕೊನೆಯ ಮೂರು ಶೀಟಿನಲ್ಲಿ ಅವನ ಸಹಿಯೂ ಇತ್ತು.

"ಇದನ್ನಾದ್ರೂ ಹೇಗೋ ಮುಚ್ಚಿ ಹಾಕ್ತಿದ್ದೆ," ಅಂದರು ಮ್ಯಾನೇಜರು. "ಇದನ್ನ ಏನು ಮಾಡಲಿ?"

ಗಡಿಯಾರದ ಕಾಗದ. ಈ ಸಲ ಕಾರ್ಡಲ್ಲ, ಗೆರೆ ಎಳೆದ ಹಾಳೆ, ಮುಖ್ಯ ಕಚೇರಿಗೆ ಬರೆದದ್ದು, ಅಲ್ಲಿಂದ ಇಲ್ಲಿಗೆ ಕಳಿಸಿದ್ದು. 'ಹದಿನೇಳನೆಯ ಬಸ್ಸು ಪೆಟ್ರೋಲ್ ಬಂಕಿನೆದುರು ದಿನಾ ಸರಾಸರಿ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ನಿಲ್ಲುತ್ತದೆ. ಡ್ರೈವರನ್ನು ಬದಲಿಸಿದರೂ ನಿಲ್ಲುತ್ತದೆ. ಅಂದಮೇಲೆ ನಿಲ್ಲುವುದು ನಿಜ, ವೇಳಾಪಟ್ಟಿ ಸುಳ್ಳು. ಸುಳ್ಳನ್ನು ತಿದ್ದತಕ್ಕದ್ದು. ನನಗೆ ತಡವಾದರೆ ತೊಂದರೆಯಿಲ್ಲ. ಎಷ್ಟು ತಡ ಎಂಬುದು ಮೊದಲೇ ಗೊತ್ತಿರಬೇಕು.'

ಎರಡು ಸಲ ಓದಿದೆ. ಆ ಮನುಷ್ಯನಿಗೆ ನನ್ನ ಮೇಲೆ ಕರುಣೆ ಇರಲಿಲ್ಲ, ನನಗೆ ಅವನ ಮೇಲೆ ಪ್ರೀತಿ ಇರಲಿಲ್ಲ. ಆದರೂ ಆ ಹಾಳೆಯ ಮೇಲೆ ಒಂದು ಕಾಳು ಸುಳ್ಳಿರಲಿಲ್ಲ.

ಕಲ್ಲನ್ನು ಡಾಕ್ಟರಮ್ಮನಿಗೆ ಕೊಟ್ಟೆ. ಪರೀಕ್ಷೆ ಮಾಡಿಸಿ ಹೇಳಿದಳು: "ನೀರು ಸಾಲದೆ ಆಗೋ ಜಾತಿಯದ್ದೇ. ಬಲಗಡೆ ಒಂದು ಸಣ್ಣದು ಮಲಗಿದೆ. ಹಾಗೇ ಮಲಗಿರಲಿ ಅಂದ್ರೆ ನೀರು ಬಿಡಬೇಡಿ. ಇದು ನಾಲ್ಕು ವಾರದ ಮಾತಲ್ಲ, ಬದುಕಿರೋವರೆಗೂ."

"ಬದುಕಿರೋವರೆಗೂ ಗಾಡಿ ಓಡಿಸ್ತೀನಿ," ಅಂದೆ.

ಮೂರು ವಾರಕ್ಕೆ ಮುಖ್ಯ ಕಚೇರಿಯಿಂದ ಹೊಸ ವೇಳಾಪಟ್ಟಿ, ಹೊಸ ಶೀಟು ಬಂದವು. ಹದಿನೇಳನೆಯ ಬಸ್ಸಿಗೆ ಐದು ನಿಮಿಷ ಹೆಚ್ಚು. ಮ್ಯಾನೇಜರು ನನ್ನನ್ನು ಕರೆಸಿ, ಗಾಡಿಯ ಕೀಲಿಯನ್ನೂ ಶೀಟನ್ನೂ ಒಟ್ಟಿಗೆ ಮುಂದೆ ತಳ್ಳಿದರು. ತಿದ್ದುವ ಮಾತೆತ್ತಲಿಲ್ಲ. ಶೀಟಿನ ಮಧ್ಯದಲ್ಲಿ ಹೊಸ ಸಾಲು ಅಚ್ಚಾಗಿತ್ತು: ಪೆಟ್ರೋಲ್ ಬಂಕ್, ವಾಹನ ತಪಾಸಣೆ, 5 ನಿಮಿಷ.

"ಯಾವ ವಾಹನ?" ಅಂದೆ.

"ಅಯ್ಯೋ ಮಾರಾಯ್ರೇ, ಐದು ನಿಮಿಷ ಸಿಕ್ತಲ್ಲ! ಇನ್ನೇನು ಬೇಕು?"

"ಅದರ ಹೆಸರು ಬೇಕು."

"ಆ ಹೆಸರನ್ನ ಅಚ್ಚು ಹಾಕಿಸೋಕೆ ಮೇಲಿನವರಿಗೆ ನಾಚಿಕೆ."

"ಅವರು ಹೊಯ್ಯಲ್ಲವಾ?"

ಮ್ಯಾನೇಜರು ಎರಡು ಕೈಯನ್ನೂ ಮೇಲೆತ್ತಿದರು. "ಹೋಗ್ರೀ, ಏನಾದ್ರೂ ಬರ್ಕೊಳ್ಳಿ. ನಾನು ನೋಡೋದೂ ಇಲ್ಲ, ಒದೆಯೋದೂ ಇಲ್ಲ."

ಅವತ್ತು ಬಂಕಿನೆದುರು ಗಾಡಿ ನಿಂತಾಗ ಹನ್ನೆರಡು ಜನ ಇಳಿದರು. ಗಡಿಯಾರವೂ ಇಳಿದ. ಗಂಡಸರ ಬಾಗಿಲ ಮುಂದೆ ನನ್ನ ಹಿಂದೆಯೇ ನಿಂತು, "ಬೇಗ ಡ್ರೈವರೇ, ನಿಮ್ಮದು ಒಂದು ನಿಮಿಷ ಹತ್ತು ಸೆಕೆಂಡು ಆಯ್ತು," ಅಂದ.

"ಮೇಷ್ಟ್ರೇ, ಇದಕ್ಕೂ ಕಾರ್ಡು ಬರೀರಿ!"

ಗಾಡಿ ಹತ್ತಿ ಶೀಟು ತೊಡೆಯ ಮೇಲೆ ಹಾಕಿಕೊಂಡೆ. 'ವಾಹನ ತಪಾಸಣೆ' ಅನ್ನುವುದರ ಮೇಲೆ ಒಂದು ಗೆರೆ ಎಳೆದು ಮೇಲೆ ಬರೆದೆ: ಉಚ್ಚೆ. ಕಂಡಕ್ಟರು ನನ್ನ ಭುಜದ ಮೇಲಿಂದ ಬಗ್ಗಿ ಪೆನ್ನು ಕಿತ್ತುಕೊಂಡು ಸಹಿ ಎಳೆದಳು. ಇವತ್ತಿಗೂ ದಿನಾ ನಾಲ್ಕು ಟ್ರಿಪ್ಪಿಗೆ ನಾಲ್ಕು ಸಲ ಎಳೆಯುತ್ತೇವೆ. ಅಚ್ಚು ಹಾಕುವವನು ಸುಸ್ತಾಗಲಿ, ನಾವು ಆಗುವುದಿಲ್ಲ.

ಅವಳು ತನ್ನ ಬಾಟಲಿಯಿಂದ ನಾಲ್ಕು ಗುಟುಕು ನೀರು ಕುಡಿದಳು. ನಾನೂ ಕುಡಿದೆ. ಆಮೇಲೆ ಎರಡು ಸಲ ಗಂಟೆ ಹೊಡೆದಳು.